ಮಾವನ ಎರಡು ಪಂಖಾ

ಮೊನ್ನೆ ಬೆಳಿಗ್ಗೆ ಮತ್ತೆ ಎಡವಿದೆ. ಅದೇ ಕಾಲು, ಅದೇ ಕಿರುಬೆರಳು, ಅದೇ ಹಿತ್ತಿಲ ಬಾಗಿಲು. ಶಹಾಪುರದ ನಮ್ಮ ಮನೆಯ ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳಬಾರದೆಂದು ಅದರ ಬುಡಕ್ಕೆ ಒಂದು ಹಿತ್ತಾಳೆಯ ಪಂಖಾ ಇಟ್ಟಿತ್ತು. ತಲೆಯ ಮೇಲೆ ತಿರುಗುವ ಪಂಖಾ ಅಲ್ಲ, ದೋಣಿಯ ಹಿಂದೆ ಕಟ್ಟುವ ಇಂಜಿನ್ನಿನ ತುದಿಯಲ್ಲಿ ನೀರೊಳಗೆ ತಿರುಗುವಂಥದ್ದು. ಮಂದಿ ಬಾಗಿಲಿಗೆ ಕಲ್ಲು ಇಡುತ್ತಾರೆ. ಕಲ್ಲಾಗಿದ್ದರೆ ನಾನು ಎಂದೋ ಎತ್ತಿ ಒಗೆಯುತ್ತಿದ್ದೆ. ಆದರೆ ಇದನ್ನು ಇಟ್ಟವರು ನನ್ನ ಗಂಡನ ತಂದೆ, ನನ್ನ ಮಾವ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ನನ್ನ ಕಾಲ್ಬೆರಳಿನ ಮೇಲಿನ ಹಕ್ಕನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಒಂಟಿ ಕಾಲಲ್ಲಿ ನಿಂತು ಬೈದುಕೊಳ್ಳುತ್ತಿರುವಾಗ ಮುಂಬಾಗಿಲಲ್ಲಿ ದನಿ ಕೇಳಿಸಿತು. “ಟೀಚರಮ್ಮಾರ, ಮನ್ಯಾಗ ಅದೀರೇನ್ರಿ?”

ಸಾಬಣ್ಣ. ಕೃಷ್ಣಾ ಹೊಳೆಯ ನಡುವಿನ ಗಡ್ಡಿಯವನು, ಒಂದು ಕಾಲಕ್ಕೆ ನನ್ನ ಶಾಲೆಯಲ್ಲಿ ಕಲಿತವನು, ಈಗ ಅವನ ಮೀಸೆಯೇ ಬೆಳ್ಳಗಾಗಿದೆ. ಮೇಲಿನ ಡ್ಯಾಮಿನ ಗೇಟು ತೆರೆದು ಸೇತುವೆ ಮುಳುಗಿದೆಯಂತೆ. ಗಡ್ಡಿಯ ಮಂದಿ ದಾಟುವುದಕ್ಕೆ ದೋಣಿ ಬೇಕು. “ಹಳೀ ಇಂಜಿನ್ ರಿಪೇರಿ ಮಾಡಿಸೀನ್ರಿ. ಪಂಖಾ ಇಲ್ರಿ. ಅವ್ವ ಹೇಳ್ಯಾಳ, ಸಾವ್ಕಾರ್ರ ಸಿಟ್ಟು ಈಗರ ಇಳದಿರಬೇಕು, ಹೋಗಿ ಕೇಳು ಅಂತ.”

ಅವನನ್ನು ಕೂಡಿಸಿ ಚಹಾಕ್ಕಿಟ್ಟೆ. ಚಹಾ ಕುದಿಯುವಷ್ಟರಲ್ಲಿ ನನ್ನ ತಲೆಯೂ ಕುದಿಯತೊಡಗಿತು. ಸಾವ್ಕಾರ್ರು ಎಂದರೆ ನನ್ನ ಮಾವ; ಅವರ ಆ ಸಿಟ್ಟಿನ ಕಥೆ ಏನೆಂದು ನಿಮಗೆ ಹೇಳಿಬಿಡುತ್ತೇನೆ, ಕೂತುಕೊಳ್ಳಿ. ಬಾಗಿಲ ಕಡೆ ಮಾತ್ರ ಕಾಲು ಚಾಚಬೇಡಿ.

ನಾನು ಸುರಪುರ ತಾಲೂಕಿನ ಆ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದಾಗ ಕಾಲುವೆಗೆ ಹೊಸದಾಗಿ ನೀರು ಬಂದಿತ್ತು. ಜೋಳದ ಹೊಲಗಳು ಒಂದೊಂದೇ ಭತ್ತದ ಗದ್ದೆಯಾಗುತ್ತಿದ್ದವು. ಯಾರು ಎದುರಾದರೂ ಪಂಪ್‌ಸೆಟ್ಟಿನ ಮಾತು, ಪೈಪಿನ ಮಾತು. ಮಾವನದು ಕಿರಾಣಿ ಅಂಗಡಿ. ನನ್ನ ನೌಕರಿ ಗಡ್ಡಿಯ ಶಾಲೆಯಲ್ಲಿ, ಇನ್ನೂ ಕಾಯಂ ಆಗಿರಲಿಲ್ಲ. ಸೊಸೆ ದಿನಾ ಹೊಳೆ ದಾಟಿ ಹೋಗುವುದು ಅತ್ತೆಗೆ ಸೇರುತ್ತಿರಲಿಲ್ಲ. ಆದರೆ ಮಾವ ನಿಶ್ಚಯದ ದಿನವೇ ನನ್ನ ಅಪ್ಪನಿಗೆ ಮಾತು ಕೊಟ್ಟಿದ್ದರು: “ನಿಮ್ಮ ಮಗಳ ನೌಕರಿ ಬಿಡಸಂಗಿಲ್ರಿ. ಅದು ನನ್ನ ಜವಾಬ್ದಾರಿ.”

ಆ ಮನೆಯಲ್ಲಿ ಎರಡು ಕಟ್ಟಳೆ ಇದ್ದವು. ಮಾವನ ಲಿಂಗಪೂಜೆ ಮುಗಿಯುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಖಾಲಿ ಹೊಟ್ಟೆಯಲ್ಲಿ ಯಾರೂ ಹೊಳೆ ದಾಟುವಂತಿಲ್ಲ. ಮಾವನ ಪೂಜೆಯಾದರೋ ನಿಧಾನವಾಗಿ, ಸೊಗಸಾಗಿ ನಡೆಯುತ್ತಿತ್ತು. ವಿಭೂತಿ ಹಚ್ಚುವಾಗ ಒಂದು ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಹಚ್ಚುವರು. ನಾನು ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕಾಯುವೆ. ಆಮೇಲೆ ರೊಟ್ಟಿ, ಆಮೇಲೆ ಹೊಳೆ, ಆಮೇಲೆ ಹರಗೋಲು. ಅದು ಸೆಳವಿಗೆ ಸಿಕ್ಕು ಬುಗುರಿಯ ಹಾಗೆ ಸುತ್ತಿ ಸುತ್ತಿ ಗಡ್ಡಿ ಮುಟ್ಟುವಷ್ಟರಲ್ಲಿ ಹುಡುಗರು ಶಾಲೆಯ ಮುಂದೆ ಚಿಣ್ಣಿದಾಂಡು ಆಡಿ ಮುಗಿಸಿ ಮನೆಗೆ ಹೋಗಿರುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಬೀಗ ಹಾಕಿದ ಶಾಲೆಯನ್ನು ನೋಡಿದರು. ಇನ್ನೊಮ್ಮೆ ಹೀಗಾದರೆ ಕಾಯಂ ಮಾಡುವ ಮಾತೇ ಇಲ್ಲ, ಮನೆಯಲ್ಲೇ ಇದ್ದುಬಿಡಿ ಎಂದರು. ಆ ದಿನ ನಾನು ಹರಗೋಲಿನಲ್ಲಿ ಅತ್ತುಕೊಂಡೇ ಬಂದೆ.

ಮಾವನಿಗೆ ಅದು ಚುಚ್ಚಿತು. ಕೊಟ್ಟ ಮಾತು ಅಲ್ಲವೇ? ಹೊತ್ತು ಉಳಿಸಬೇಕೆಂದು ಅವರು ಏನು ಮಾಡಿರಬಹುದು, ಊಹಿಸಿ. ನೀವೋ ನಾನೋ ಆಗಿದ್ದರೆ ಒಂದಿಷ್ಟು ಬೇಗ ಏಳುತ್ತಿದ್ದೆವು. ಮಾವ ಓಟದ ದೋಣಿ ಕೊಂಡರು.

ಕಾಲುವೆಯ ಕೆಲಸ ಮುಗಿಸಿ ಊರು ಬಿಡುತ್ತಿದ್ದ ಗುತ್ತಿಗೆದಾರನೊಬ್ಬ ಡ್ಯಾಮಿನ ಹಿನ್ನೀರಲ್ಲಿ ಶೋಕಿಗೆಂದು ಓಡಿಸುತ್ತಿದ್ದ ದೋಣಿ ಅದು. ಕೆಂಪು ಬಣ್ಣ, ಚೂಪು ಮೂತಿ, ಹಿಂದೆ ದೊಡ್ಡ ಇಂಜಿನ್ನು. ಬೆಲ್ಲ ಹುಣಸೆಹಣ್ಣು ಮಾರಿಕೊಂಡಿದ್ದ ಮನುಷ್ಯ ಅದನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೇರಿಕೊಂಡು ಬಂದಾಗ ಇಡೀ ಊರು ಅಂಗಡಿಯ ಮುಂದೆ ನೆರೆದಿತ್ತು. ನನ್ನ ಯಜಮಾನರು ತಕ್ಕಡಿ ಕೈಯಲ್ಲಿ ಹಿಡಿದು ಒಳಗಿಂದಲೇ ನೋಡಿ, ಮತ್ತೆ ಸಕ್ಕರೆ ತೂಗತೊಡಗಿದರು.

ದೋಣಿಯ ಜೊತೆ ಬಂದಿದ್ದು ಉಕ್ಕಿನ ಪಂಖಾ. ಕನ್ನಡಿಯಂತೆ ಹೊಳೆಯುತ್ತಿತ್ತು, ಅಂಚು ಮುಟ್ಟಿದರೆ ಬೆರಳು ಕೊಯ್ಯುತ್ತಿತ್ತು. ಮೊದಲ ದಿನ ನಾನು ಮತ್ತು ಮಾವ ಇಬ್ಬರೇ ಕೂತೆವು. ದೋಣಿ ಓಡಲಿಲ್ಲ, ಹಾರಿತು. ನನ್ನ ಸೆರಗು ಎಲ್ಲಿ ಹೋಯಿತೋ, ಜೀವ ಎಲ್ಲಿ ಹೋಯಿತೋ. ಗಂಟೆ ಹೊಡೆಯುವ ಮೊದಲೇ ನಾನು ಶಾಲೆಯಲ್ಲಿದ್ದೆ. ಮಾವ ಗಡ್ಡಿಯ ಮರಳಲ್ಲಿ ನಿಂತು ಮೀಸೆ ತಿರುವಿದರು.

ತಿರುವಿದ್ದು ಆ ಒಂದೇ ಸಲ. ಗಡ್ಡಿಯ ಹೆಂಗಸರು ದಿನಾ ಬೆಳಿಗ್ಗೆ ಭತ್ತದ ನಾಟಿಗೆ ನಮ್ಮ ದಂಡೆಗೆ ಬರುತ್ತಿದ್ದರು. ನನ್ನನ್ನು ಇಳಿಸಿದ ದೋಣಿ ಅವರನ್ನು ಹೇರಿಕೊಂಡು ಮರಳಬೇಕು. ಅವರು ಕೂತ ಕೂಡಲೇ ದೋಣಿ ಮೂತಿ ಆಕಾಶಕ್ಕೆ ಎತ್ತಿ, ಹಿಂಭಾಗ ನೀರಲ್ಲಿ ಊರಿ, ಹೊಗೆ ಉಗುಳಿ, ನರಳತೊಡಗಿತು. ಪಂಖಾದ ರೆಕ್ಕೆಯ ಓರೆ ಹೆಚ್ಚಿದ್ದಷ್ಟೂ ಅದು ಒಮ್ಮೆ ತಿರುಗಿದರೆ ದೋಣಿ ಹೆಚ್ಚು ದೂರ ಹಾರಬೇಕು, ಇಂಜಿನ್ನಿಗೆ ಅಷ್ಟೇ ಭಾರ. ಸೈಕಲ್ ಮೇಲೆ ಒಬ್ಬರೇ ಕೂತು ಇಳಿಜಾರಿನಲ್ಲಿ ಹೋಗುವುದೇ ಬೇರೆ, ಹಿಂದೆ ಜೋಳದ ಚೀಲ ಕಟ್ಟಿಕೊಂಡು ದಿಬ್ಬ ಏರುವುದೇ ಬೇರೆ. ನನಗೆ ಇದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಮಾವನಿಗೆ ಗೊತ್ತಾದದ್ದು ‘ಇನ್ನೊಂದು ಪಂಖಾ ಬೇಕು’ ಎಂಬುದಷ್ಟೇ.

ಆಮೇಲೆ ಶುರುವಾಯಿತು ನೋಡಿ, ಕನ್ಯಾ ನೋಡುವ ಹಾಗೆ ಪಂಖಾ ನೋಡುವುದು. ಕೆಂಭಾವಿ ಸಂತೆಯಲ್ಲಿ ಕಂಡಕಂಡವರನ್ನೆಲ್ಲ ಕೇಳಿದರು. ಶಹಾಪುರದ ಪಂಪ್‌ಸೆಟ್ ಅಂಗಡಿಯವ ದೊಡ್ಡದಾದಷ್ಟೂ ಒಳ್ಳೆಯದು ಎಂದ. ಸುರಪುರದ ವೆಲ್ಡಿಂಗಿನವ ಇದಕ್ಕೇ ಇನ್ನೊಂದು ರೆಕ್ಕೆ ಬೆಸೆದುಕೊಡಲೇ ಎಂದ. ಕಡೆಗೆ ಯಾದಗಿರಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಈ ಹಿತ್ತಾಳೆಯದು ಸಿಕ್ಕಿತು. ಮಾವ ಅದನ್ನು ಆರಿಸಿದ್ದು ಹೇಗೆ ಗೊತ್ತೇ? ಮದುವೆಗೆ ಕೊಡ ಕೊಳ್ಳುವವರ ಹಾಗೆ, ಕೈಯಲ್ಲಿ ತೂಗಿ, ಬೆರಳ ಗಿಣ್ಣಿನಿಂದ ಬಾರಿಸಿ. “ನಾದ ಕೇಳು ಯವ್ವಾ! ಇಂಥಾ ನಾದ ಇದ್ದದ್ದು ಸುಳ್ಳಾಗೂದಿಲ್ಲ.”

ನನ್ನ ಹೊಟ್ಟೆ ಉರಿಯುವ ಸಂಗತಿಯೆಂದರೆ, ಅದು ಸುಳ್ಳಾಗಲಿಲ್ಲ. ಅಗಲ ರೆಕ್ಕೆ, ಕಡಿಮೆ ಓರೆ. ಎಷ್ಟು ಮಂದಿ ಕೂತರೂ ದೋಣಿ ಎಮ್ಮೆಯಂತೆ ತಲೆ ತಗ್ಗಿಸಿ ಎಳೆಯುತ್ತಿತ್ತು. ಆದರೆ ನಾನೊಬ್ಬಳೇ ಕೂತಾಗಲೂ ಅದೇ ಎಮ್ಮೆಯ ನಡಿಗೆ. ಇಂಜಿನ್ನು ಕಿರುಚುವುದೇ ಹೊರತು ಹಾರಾಟವಿಲ್ಲ, ನನಗೆ ಮತ್ತೆ ತಡ. ಮಾವ ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಹಿಡಿದರು. ಹೋಗುವಾಗ ಉಕ್ಕಿನದು, ಬರುವಾಗ ಹಿತ್ತಾಳೆಯದು. ದಿನಾ ಗಡ್ಡಿಯ ಮರಳಲ್ಲಿ ಕುಕ್ಕರಗಾಲಲ್ಲಿ ಕೂತು, ಪಿನ್ನು ಕಿತ್ತು, ನಟ್ಟು ಬಿಚ್ಚಿ, ಪಂಖಾ ಬದಲಿಸುವುದು. ನಟ್ಟು ಮರಳಲ್ಲಿ ಬಿದ್ದರೆ ಎಲ್ಲರೂ ಹುಡುಕುವುದು. ಇಷ್ಟು ಸಾಲದೆಂಬಂತೆ ಮನೆಯಲ್ಲಿ ಸೆಕೆಂಡಿನ ಮುಳ್ಳಿದ್ದ ಗಡಿಯಾರ ನನ್ನದೊಂದೇ. “ಯವ್ವಾ, ಮುಳ್ಳು ನೋಡ್ಕೋ. ನಾ ಹೂಂ ಅಂದಕೂಡ್ಲೆ ಸುರು.” ನಿನ್ನೆಗಿಂತ ತಡವಾಯಿತು ಎಂದರೆ, “ಗಡಿಯಾರ್ದಾಗ ಏನೋ ತಪ್ಪದ,” ಎಂದು ಹೊಳೆಯಲ್ಲಿ ಇನ್ನೊಂದು ಸುತ್ತು! ಶಾಲೆ ಕಣ್ಣೆದುರೇ ಇರುತ್ತಿತ್ತು. ಹಲ್ಲು ಕಚ್ಚಿ ಕಚ್ಚಿ ನನ್ನ ದವಡೆ ನೋಯುತ್ತಿತ್ತು.

ಒಂದು ದಿನ ಗಡ್ಡಿಗೆ ಮುಟ್ಟುವಾಗಲೇ ಬಿಸಿಲೇರಿತ್ತು. ಹೆಂಗಸರು ದಂಡೆಯಲ್ಲಿ ಸಾಲಾಗಿ ಕೂತಿದ್ದರು. ಅವರ ಗುಂಪಿಗೆ ಹಿರಿಯಳು ದೇವಕ್ಕೆಮ್ಮ, ಇದೇ ಸಾಬಣ್ಣನ ತಾಯಿ. ಮಾವ ಉಕ್ಕಿನ ಪಂಖಾ ಬಿಚ್ಚಿ ಒರೆಸಿ, ಮಗುವನ್ನು ಮಲಗಿಸುವ ಹಾಗೆ ಒಂದು ಟವೆಲ್ಲಿನ ಮೇಲಿಟ್ಟರು.

“ಸಾವ್ಕಾರ್ರ,” ಎಂದಳು ದೇವಕ್ಕೆಮ್ಮ, “ನಿನ್ನಿ ನಾವು ಹೋಗೂದ್ರಾಗ ಹೊಲದಾವ ಬ್ಯಾರೆ ಊರ ಮಂದೀನ ಇಳಿಸಿದ್ದ. ಹಂಗs ತಿರುಗಿ ಬಂದೀವಿ. ಇವತ್ತೂ ಹಂಗs ಆದ್ರ ಈ ಸುಗ್ಗಿಗಿ ನಮ್ಮನ್ನ ಕರಿಯಂಗಿಲ್ಲ ಅಂದಾನ.”

“ಆತವ್ವಾ, ಆತು, ಇನ್ನೊಂದೀಟು,” ಎಂದರು ಮಾವ, ತಲೆ ಎತ್ತದೆ.

ಅವಳು ಎದ್ದಳು. ಟವೆಲ್ಲಿನ ಮೇಲಿದ್ದ ಪಂಖಾ ಎತ್ತಿಕೊಂಡಳು. ಮಡುವಿನ ಕಡೆ ತಿರುಗಿ ಬೀಸಿ ಒಗೆದಳು. ಬಿಸಿಲಲ್ಲಿ ಒಮ್ಮೆ ಫಳಕ್ಕೆಂದದ್ದು ಕಂಡಿತು, ಅಷ್ಟೇ.

ಮಾವ ಕೂತಲ್ಲಿಂದ ಎದ್ದರು. “ಏನ್ ಮಾಡ್ದಿ ಬೇ?”

“ಯಾವ ಪಂಖಾ ಛಲೋ, ಯಾವ ಪಂಖಾ ಛಲೋ ಅಂತ ದಿನಾ ಕೇಳ್ತಿದ್ರಲ್ರಿ. ಈಗ ಒಂದs ಉಳದೈತಿ. ಹಚ್ರಿ.”

“ನಮ್ಮ ಸೊಸೀಗಿ ಹೊತ್ತಾಗ್ತದಲ್ಲ!”

“ಹೊತ್ತಾದ್ರ ಮುಂಚೆ ಏಳ್ರಿ. ನಾವು ಕೋಳಿ ಕೂಗೂದಕ್ಕ ಎದ್ದು, ರೊಟ್ಟಿ ಬಡದು, ಇಲ್ಲಿ ಬಂದು ಕುಂತಿರ್ತೀವಿ. ನಿಮ್ಮ ಪೂಜಾ ಮುಗಿಯೂತನ ಹೊಳಿ ನೋಡ್ಕೋತ ಕುಂದ್ರತೀವಿ.”

ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆಡುವ ಹಾಗೆಯೂ ಇರಲಿಲ್ಲ. ಮಾವ ಹಿತ್ತಾಳೆಯ ಪಂಖಾ ಹಚ್ಚಿದರು. ಹೆಂಗಸರು ಹತ್ತಿ ಕೂತರು. ನಾನು ಶಾಲೆಯ ಕಡೆ ಓಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಇನ್ನೂ ನಸುಗತ್ತಲು, ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಅತ್ತೆ ಒಲೆಯ ಮುಂದೆ ಕೂತಿದ್ದರು. ನನ್ನನ್ನು ಕಂಡವರೇ ತಾಟು ಮುಂದಕ್ಕೆ ನೂಕಿದರು.

“ಉಣ್ಣು.”

“ಮಾವಂದು ಪೂಜಾ ಆಗಿಲ್ಲಲ್ರಿ ಅತ್ತಿ?”

“ಹೊಳಿ ದಾಟಿಸಿ ಬಂದು ಮಾಡ್ತಾರಂತ. ಉಣ್ಣು ನೀ. ನನ್ನ ಮಾರಿ ಏನ್ ನೋಡ್ತಿ?”

ಆ ಮನೆಯಲ್ಲಿ ಮಾವನಿಗಿಂತ ಮೊದಲು ಉಂಡವಳು ನಾನೇ. ಹೊರಗೆ ಕಟ್ಟೆಯ ಮೇಲೆ ಮಾವ ಹನಿ ನೀರೂ ಕುಡಿಯದೆ ಕೂತಿದ್ದರು, ಹಿತ್ತಾಳೆಯ ಪಂಖಾಕ್ಕೆ ಎಣ್ಣೆ ಹಚ್ಚುತ್ತಾ, ಅದರ ಮೇಲೆ ಗೊಣಗುತ್ತಾ. ಪೂಜೆಯಾಗದೆ ನೀರು ಮುಟ್ಟದ ಆ ಮನುಷ್ಯ ಸೇತುವೆ ಬರುವ ತನಕ, ಶಾಲೆಯಿದ್ದ ಒಂದು ದಿನವೂ ತಪ್ಪದೆ, ಹಸಿದ ಹೊಟ್ಟೆಯಲ್ಲಿ ನನ್ನನ್ನು ಆಚೆ ಬಿಟ್ಟು, ಗಡ್ಡಿಯ ಹೆಂಗಸರನ್ನು ಈಚೆ ತಂದರು. ನನ್ನ ನೌಕರಿ ಕಾಯಂ ಆಯಿತು. ಆದರೆ ಉಕ್ಕಿನ ಪಂಖಾ ಮುಳುಗಿದ ಮಡುವನ್ನು ದಾಟುವಾಗ ಅವರು ಇಂಜಿನ್ ನಿಧಾನ ಮಾಡಿ, ನೀರನ್ನೊಮ್ಮೆ ನೋಡಿ, ನಿಟ್ಟುಸಿರು ಬಿಡದ ದಿನವಿಲ್ಲ. ಅಲ್ಲೂ ತಡ!

ಸೇತುವೆಯಾದ ಮೇಲೆ ಇಂಜಿನ್ನನ್ನು ದೇವಕ್ಕೆಮ್ಮನ ಮನೆಗೇ ಕೊಟ್ಟರು. ಕೊಡುವಾಗ ಪಂಖಾ ಬಿಚ್ಚಿಕೊಂಡರು. “ನಂದೊಂದು ಪಂಖಾ ಆಗಲೇ ಹೊಳೀಗಿ ಕೊಟ್ಟೀದಿ. ಇದನ್ನ ಕೊಡಂಗಿಲ್ಲ.” ಪಂಖಾ ಇಲ್ಲದ ಇಂಜಿನ್ನು ಯಾವ ಕೆಲಸಕ್ಕೆ ಬರುತ್ತದೆ ಎಂದು ಮಾವ ಕೇಳಿಕೊಳ್ಳಲಿಲ್ಲ. ಅವಳೂ ಬೇಡಲಿಲ್ಲ, ಗೋಣಿಚೀಲ ಸುತ್ತಿ ಅಟ್ಟಕ್ಕೆ ಏರಿಸಿದಳು. ಮುಂದೆ ನಾವು ಶಹಾಪುರಕ್ಕೆ ಬಂದಾಗ ಮಾವ ಪಂಖಾವನ್ನೂ ತಂದು ಹಿತ್ತಿಲ ಬಾಗಿಲಿಗೆ ಇಟ್ಟರು. ಇಬ್ಬರ ಹಟಕ್ಕೆ ಬೆರಳು ಕೊಟ್ಟವಳು ನಾನು.

ಚಹಾ ಕುಡಿದಾದ ಮೇಲೆ ಪಂಖಾವನ್ನು ತಂದು ಸಾಬಣ್ಣನ ಮುಂದಿಟ್ಟೆ. ಅವನು ಅದನ್ನು ಕೈಯಲ್ಲಿ ತೂಗಿ, ಗಿಣ್ಣಿನಿಂದ ಬಾರಿಸಿದ. ನನಗೆ ಮೈಯೆಲ್ಲ ಉರಿಯಿತು.

“ಬಾರಿಸಬ್ಯಾಡ! ಅದೇನು ಕೊಡ ಅಲ್ಲ.”

“ಇದು ಜೋರ ಓಡ್ತೈತೇನ್ರಿ?”

“ಎಷ್ಟು ಮಂದಿ ಕೂಡ್ತಾರ ನಿನ್ನ ದೋಣ್ಯಾಗ?”

“ಹತ್ತಹನ್ನೆರಡು ಮಂದಿ ಆಗ್ತಾರ್ರಿ. ಸಾಲಿ ಹುಡುಗ್ರು, ದವಾಖಾನಿಗಿ ಹೋಗೋರು.”

“ಹಂಗಿದ್ರ ಜೋರ ಓಡಂಗಿಲ್ಲ. ಎಲ್ಲಾರ್ನೂ ಎಳಿತದ. ಮುಂಜಾನಿ ಎಷ್ಟಕ್ಕ ಏಳ್ತಿ, ಮೊದಲ ಅದನ್ನ ಹೇಳು.”

ಅವನು ನಕ್ಕ. “ಅವ್ವ ಇದ್ದಾಳಲ್ರಿ, ಮಲಗಾಕ ಎಲ್ಲಿ ಬಿಡ್ತಾಳ?”

ಪಂಖಾ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ. ಅವತ್ತು ದಿನವಿಡೀ ಹಿತ್ತಿಲ ಬಾಗಿಲು ದಡಾರ್ ದಡಾರ್ ಎಂದು ಬಡಿದುಕೊಂಡಿತು. ಪ್ರತಿ ಸಲವೂ ಬೈದೆ. ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋಗುವಾಗ ನೋಡುತ್ತೇನೆ, ನನ್ನ ಕಾಲು ತಾನಾಗಿಯೇ ಪಂಖಾ ಇದ್ದ ಆ ಖಾಲಿ ಜಾಗವನ್ನು ಬಳಸಿಕೊಂಡು, ಅಗಲವಾದ ಹೆಜ್ಜೆ ಹಾಕಿ ದಾಟಿತು. ಇಷ್ಟು ವರ್ಷ ಅದು ಅಲ್ಲಿದ್ದಾಗ ಒಂದು ದಿನವಾದರೂ ಹೀಗೆ ದಾಟಿದ್ದರೆ ಆಗುತ್ತಿರಲಿಲ್ಲವೇ?