ತಮ್ಮನಿಗೆಂದು ಹೂಡಿದ ಪಂದ್ಯಾವಳಿ

ಹಲ್ಲಿನ ಸೆಟ್ಟು ಮಾಡುವ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯರಾದ ಮಾಲೀಕರು ಕೂಡ. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ತಾನೆಂದೂ ನೋಡದ ಬಾಯಿಗಳಿಗೆ ಹಲ್ಲು ಕೂಡಿಸಿ ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. ಭಾನುವಾರ ಮಾತ್ರ ಅವಳ ಹೊಣೆಯೇ ಬೇರೆ. ಅವತ್ತು ಇಂಟರ್‌ನೆಟ್ಟಿನಲ್ಲಿ ಚೆಸ್ ಪಂದ್ಯಾವಳಿ ನಡೆಸುತ್ತಿದ್ದಳು. ಆಡುವವರು ಮನುಷ್ಯರಲ್ಲ, ಮನುಷ್ಯರು ಬರೆದ ಕಂಪ್ಯೂಟರ್ ಪ್ರೋಗ್ರಾಂಗಳು. ಬರೆದವರಿಗೆ ತಂತಮ್ಮ ಮನೆಯಲ್ಲಿ ಕೈಕಟ್ಟಿ ಕೂತು ಚಡಪಡಿಸುವುದಷ್ಟೇ ಕೆಲಸ.

ಇದಕ್ಕೆಲ್ಲ ಮೂಲ ಅವಳ ತಮ್ಮ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ. ಹೊತ್ತು ಹೋಗದೆ ಚೆಸ್ ಪ್ರೋಗ್ರಾಂ ಬರೆಯುವ ಹುಚ್ಚು ಹತ್ತಿಸಿಕೊಂಡ. ಬರೆದದ್ದೇನೋ ಬರೆದ, ಅದಕ್ಕೆ ಸರಿಜೋಡಿ ಸಿಗಲಿಲ್ಲ. ಹೆಸರಾದ ಪ್ರೋಗ್ರಾಂಗಳು ಅದನ್ನು ನೊಣದ ಹಾಗೆ ಹೊಸಕಿ ಹಾಕುತ್ತಿದ್ದವು. ಅವನ ಸಪ್ಪೆ ಮುಖ ನೋಡಲಾರದೆ ಅಕ್ಕ ಒಂದು ಚೆಸ್ ಸೈಟಿನಲ್ಲಿ ಕರೆ ಕೊಟ್ಟಳು: "ಬಿಡುವಿನಲ್ಲಿ ಬರೆದವರೆಲ್ಲ ಬನ್ನಿ. ಸ್ವಂತ ಕೈಯಲ್ಲಿ ಬರೆದದ್ದಾಗಿರಬೇಕು, ಅಷ್ಟೇ. ಸೋತರೂ ಪರವಾಗಿಲ್ಲ." ಜನ ಬಂದರು. ಜೋಡಿ ಹಾಕುವುದು, ಆಟದ ಗಡಿಯಾರ ಹೊಂದಿಸುವುದು, ಯಾರದೋ ಮನೆಯಲ್ಲಿ ಕರೆಂಟ್ ಹೋದರೆ ಆಟ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಪು ಕೊಡುವುದು, ಎಲ್ಲ ಅವಳ ತಲೆಗೇ ಬಂತು. ವರ್ಷಕ್ಕೊಂದು ಪಂದ್ಯಾವಳಿ, ಭಾನುವಾರಕ್ಕೊಂದು ಸುತ್ತು, ವರ್ಷ ವರ್ಷವೂ ತಮ್ಮನದೇ ಕೊನೆಯ ಸ್ಥಾನ.

ಹೀಗಿರುವಾಗ ಒಂದು ವರ್ಷ ಅವಳ ಗಂಡ ಬೇರೆ ಮನೆ ಮಾಡಿಕೊಂಡು ಹೋದ. ಜಗಳವಿಲ್ಲ, ಕೂಗಾಟವಿಲ್ಲ. ಬಟ್ಟೆ ತುಂಬಿಕೊಂಡ, ಬಾಗಿಲು ಮುಂದಕ್ಕೆಳೆದುಕೊಂಡ. ಅಳು ಬರುತ್ತದೇನೋ ಎಂದು ಅವಳು ಕಾದಳು. ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು. ತಮ್ಮ ಬಂದು ಅವಳ ಹಾಲಿನಲ್ಲಿ ಹಾಸಿಗೆ ಬಿಡಿಸಿ ಕೆಲವು ವಾರ ಉಳಿದ. ಉಪ್ಪು ಜಾಸ್ತಿಯಾದ ಅಡುಗೆ ಮಾಡಿ ಬಡಿಸಿ, "ಮಾತಾಡ್ಬೇಡ, ತಿನ್ನು ಸಾಕು" ಅನ್ನುತ್ತಿದ್ದ. ಅವಳು ತಿಂದಳು. ಅದು ಹೇಗೋ ಬದುಕಿಸಿತು, ಆದರೆ ಜೋಮು ಬಿಡಲಿಲ್ಲ.

ಮರುವರ್ಷದ ಪಂದ್ಯಾವಳಿಯಲ್ಲಿ ತಮ್ಮನ ಪ್ರೋಗ್ರಾಂ ಗೆಲ್ಲತೊಡಗಿತು. ಮೊದಲನೇ ಆಟದಲ್ಲೇ ಅಕ್ಕನಿಗೆ ಹೊಳೆಯಿತು. ಅವನ ಪ್ರೋಗ್ರಾಂ ಆಟ ಶುರುವಾದ ಕೂಡಲೇ ರಾಣಿಯನ್ನು ಬೀದಿಗೆ ಎಳೆತಂದು ಪೆಟ್ಟು ತಿನ್ನುವಂಥದ್ದು. ಈಗ ರಾಣಿ ತನ್ನ ಮನೆಯಲ್ಲಿ ಗಂಭೀರವಾಗಿ ಕೂತಿದ್ದಳು. ಇದು ಅವನ ಕೈ ಅಲ್ಲ. ಹಾಗಂತ ಅವಳು ಬಾಯಿ ಬಿಡಲಿಲ್ಲ. ತಮ್ಮನನ್ನು ಕಾಪಾಡಬೇಕೆಂದೇನೂ ಅಲ್ಲ, ಸೊಲ್ಲೆತ್ತಲು ಮನಸ್ಸಾಗಲಿಲ್ಲ, ಅಷ್ಟೇ.

ಕೊನೆಗೆ ಫೋನು ಮಾಡಿದವರು ದೂರದ ಊರಿನ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್. ಮೊದಲ ವರ್ಷದಿಂದಲೂ ಸ್ವಂತ ಪ್ರೋಗ್ರಾಂ ಆಡಿಸುತ್ತಿದ್ದವರು.

"ತಪ್ಪು ತಿಳ್ಕೋಬೇಡಿ ಮೇಡಂ. ಇಂಟರ್‌ನೆಟ್ಟಲ್ಲಿ ಎಲ್ರಿಗೂ ಪುಕ್ಕಟೆ ಸಿಗೋ ಒಂದು ಹಳೇ ಚೆಸ್ ಪ್ರೋಗ್ರಾಂ ಇದ್ಯಲ್ಲ, ಅದಕ್ಕೊಂದು ಕಾಯಿಲೆ. ಕೆಲವೇ ಕಾಯಿ ಉಳಿದು ಯಾರೂ ಗೆಲ್ಲೋಕಾಗದಂಥ ಒಂದು ಸ್ಥಿತೀಲಿ 'ಗೆದ್ದೆ ಗೆದ್ದೆ' ಅಂತ ಸುತ್ತಿದ್ದೇ ಸುತ್ತುತ್ತೆ. ನಿಮ್ಮ ತಮ್ಮಂದೂ ನನ್ನ ಹತ್ರ ಹಂಗೇ ಸುತ್ತಿತು. ಮೂಗು ಬಾಯಿ ಒಂದೇ ಥರ ಇರಬಹುದು ಮೇಡಂ, ಗಾಯದ ಕಲೆನೂ ಅದೇ ಜಾಗದಲ್ಲಿದ್ರೆ?"

"ನೋಡ್ತೀನಿ ಸರ್" ಎಂದಳು. ನೋಡಿದಳು ಕೂಡ. ಅದೇ ಹಳೇ ಪ್ರೋಗ್ರಾಮನ್ನು ಇಳಿಸಿಕೊಂಡು, ತಮ್ಮನದು ಆಡಿದ ಆಟಗಳನ್ನೇ ಅದರ ಮುಂದಿಟ್ಟಳು. ಉದ್ದಕ್ಕೂ ಅವೇ ನಡೆಗಳು.

ಕೆಲಸ ಮುಗಿಸಿ ನೇರ ತಮ್ಮನ ಮನೆಗೆ ಹೋದಳು. ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ಅದು ನಿಂದಲ್ಲ, ಅಲ್ವಾ?"

ಅವನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. "ಹೆಸರು ಮಾತ್ರ ನಂದು."

"ಯಾಕೋ?"

"ಒಂದ್ಸಲ ಗೆದ್ರೆ ಹೇಗಿರುತ್ತೆ ನೋಡೋಣ ಅಂತ."

"ಹೇಗಿತ್ತು?"

"ಬೇರೆಯವರ ಚಪ್ಪಲಿ ಮೆಟ್ಕೊಂಡು ಬಂದ ಹಾಗಿತ್ತು ಕಣೇ." ಅಂಗಿ ಮಡಿಸುತ್ತಾ ಅಂದ, "ಮಷೀನ್ ಕೆಟ್ಟಿದೆ ಅಂತ ಹೇಳಿ ನಾನೇ ಹಿಂದೆ ಸರೀತೀನಿ ಬಿಡು. ಯಾರಿಗೂ ಕಾರಣ ಗೊತ್ತಾಗೋದು ಬೇಡ."

"ನಿಂಗೆ ಸೋತವರಿಗೆ ಪಾಯಿಂಟ್ ವಾಪಸ್ ಕೊಡ್ಬೇಕಲ್ಲೋ. ಕಾರಣ ಹೇಳದೆ ಹೇಗೆ ಕೊಡ್ಲಿ?"

ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿಗೆ ತಡೆಯಲಾಗಲಿಲ್ಲ. "ಅಕ್ಕಾ, ನಿಮ್ಮ ಕಷ್ಟಕಾಲದಲ್ಲಿ ಇವರು ಮನೆಮಠ ಬಿಟ್ಟು ನಿಮ್ಮ ಜೊತೆ ಇದ್ರು. ಅದನ್ನಾದ್ರೂ ನೆನಪು ಮಾಡ್ಕೊಳ್ಳಿ."

"ನೆನಪಿದೆಯಮ್ಮ" ಎಂದಳು ಅಕ್ಕ. ನಿಜಕ್ಕೂ ನೆನಪಿತ್ತು, ಉಪ್ಪಿನ ರುಚಿಯ ಸಮೇತ. ಆದರೆ ಗಾಜಿನಾಚೆ ಇಟ್ಟ ವಸ್ತುವಿನಂತೆ ಅದು ಕಾಣುತ್ತಿತ್ತೇ ಹೊರತು ಕೈಗೆ ತಾಗುತ್ತಿರಲಿಲ್ಲ.

ಮನೆಗೆ ಬಂದು, ತಮ್ಮನ ಪ್ರೋಗ್ರಾಂ ನಕಲು, ಅದನ್ನು ಹೊರಗಿಟ್ಟಿದೆ, ಸೋತವರಿಗೆಲ್ಲ ಪಾಯಿಂಟ್ ಕೊಟ್ಟಿದೆ ಎಂದು ಸೈಟಿನಲ್ಲಿ ಬರೆದು ಹಾಕಿದಳು. ಸೈಟು ಜೇನುಗೂಡಿಗೆ ಕಲ್ಲು ಹೊಡೆದಂತಾಯಿತು. 'ಅವನು ನಿಮ್ಮ ಸ್ವಂತ ತಮ್ಮ ಅಲ್ಲವಾ?' ಎಂದು ಒಬ್ಬ ಕೇಳಿದ. 'ಹೌದು' ಎಂದು ಬರೆದಳು. ಕೆಲವರು ಅವಳ ನ್ಯಾಯವನ್ನು ಹಾಡಿ ಹೊಗಳಿದರು. ಅದನ್ನೂ ಹವಾಮಾನದ ಸುದ್ದಿ ಓದುವವಳಂತೆ ಓದಿಕೊಂಡಳು. ಉಳಿದ ಸುತ್ತುಗಳು ಮುಗಿದವು. ಪೋಸ್ಟ್‌ಮಾಸ್ಟರರ ಪ್ರೋಗ್ರಾಂ ಗೆದ್ದಿತು. ಅವರು ಫೋನು ಮಾಡಿ, "ಗೆದ್ದಿದ್ದಕ್ಕೆ ಖುಷಿ ಪಡೋಕೂ ಮುಜುಗರ ಆಗ್ತಿದೆ ಮೇಡಂ" ಎಂದರು. "ಪಡಿ ಸರ್, ಅದು ನಿಮ್ದೇ" ಎಂದಳು.

ತಮ್ಮ ಆಮೇಲೆ ಬಹಳ ದಿನ ಇತ್ತ ತಲೆ ಹಾಕಲಿಲ್ಲ. ಕೊನೆಗೆ, ಮುಂದಿನ ಪಂದ್ಯಾವಳಿ ಹತ್ತಿರವಾಗಿದ್ದ ಹೊತ್ತಿಗೆ, ಅವಳ ಅಡುಗೆಮನೆಯ ಸ್ವಿಚ್ ಹೊಗೆಯಾಡಿದಾಗ ಅವಳೇ ಫೋನು ಮಾಡಿದಳು. ಚೀಲ ಹೊತ್ತು ಬಂದ. ರಿಪೇರಿ ಮಾಡಿ, ಅವಳು ಕೊಟ್ಟದ್ದನ್ನು ನಿಂತೇ ತಿಂದ.

"ಈ ವರ್ಷಾನೂ ನಡೆಸ್ತೀಯಾ?"

"ನಡೆಸ್ತೀನಿ. ಬರ್ತೀಯಾ?"

"ಇಲ್ಲ. ಅದನ್ನ ಬಿಟ್ಟೆ. ಈಗ ಈಜು ಕಲೀತಿದೀನಿ, ಕಾಲಿಗೆ ಒಳ್ಳೇದಂತೆ."

"ನೀನಾ? ಬಕೆಟ್ ನೀರಿಗೇ ಹೆದರ್ತಿದ್ದೆ."

ಅವನು ನಕ್ಕ. ಅವಳೂ ನಕ್ಕಳು. ತನ್ನ ನಗು ಅವಳಿಗೇ ಪಕ್ಕದ ಮನೆಯ ಸದ್ದಿನಂತೆ ಕೇಳಿಸಿತು.

ಹೊಸ ಪಂದ್ಯಾವಳಿಯ ಮೊದಲ ಭಾನುವಾರ ಜೋಡಿ ಹಾಕಲು ಕೂತರೆ ಒಬ್ಬರು ಕಡಿಮೆ. ಸುತ್ತಿಗೊಂದು ಪ್ರೋಗ್ರಾಂ ಎದುರಾಳಿಯಿಲ್ಲದೆ ಉಳಿಯಬೇಕಿತ್ತು. 'ಈ ವಾರ ನನಗೆ ಯಾರೂ ಇಲ್ಲವಾ?' ಎಂದು ಹೊಸಬನೊಬ್ಬ ಕೇಳಿದ. 'ಇಲ್ಲ. ನಿಮಗೆ ಬಿಡುವು' ಎಂದು ಬರೆದು, ಅವಳು ಗಡಿಯಾರಗಳನ್ನು ಓಡಲು ಬಿಟ್ಟಳು.