ಸ್ಕೋರ್ ಟೇಬಲ್ಲಿನ ಪ್ರಾಕ್ಸಿ

ಮೆಲ್ಬರ್ನಿನಲ್ಲಿ ಹೈಸ್ಕೂಲಿಗೂ ಕಾಲೇಜು ಅನ್ನುತ್ತಾರೆ. ಹತ್ತನೇ ಇಯತ್ತೆಯ ಎಂಟು ಹುಡುಗಿಯರು ಕೂದಲು ಎತ್ತಿ ಕಟ್ಟಿಕೊಂಡು, ಬೆನ್ನ ಮೇಲೆ ನಂಬರು ಹಾಕಿಕೊಂಡು "ಕಾಲೇಜ್ ಟೀಮ್" ಎಂದು ಮೆರೆಯುವುದನ್ನು ಕಂಡರೆ ನನಗೆ ನಗು ತಡೆಯುತ್ತಿರಲಿಲ್ಲ. ಆ ಎಂಟರಲ್ಲಿ ನನ್ನ ಮಗಳೂ ಒಬ್ಬಳು. ಆಟ ಬಾಸ್ಕೆಟ್‌ಬಾಲ್. ನಾನು ಧಾರವಾಡದವನು, ಕಬಡ್ಡಿ ಮತ್ತು ಕ್ರಿಕೆಟ್ ಬಿಟ್ಟರೆ ಮೂರನೆಯದನ್ನು ಆಟವೆಂದು ಒಪ್ಪಿಕೊಂಡವನಲ್ಲ.

ಪ್ರತಿ ಶನಿವಾರ ಬೆಳಿಗ್ಗೆ ಪಾಯಿಂಟ್ ಕುಕ್‌ನ ನಮ್ಮ ಮನೆಯಿಂದ ವೆರಿಬೀ ಕಡೆಯ ಸ್ಟೇಡಿಯಮ್ಮಿಗೆ ಹೋಗಬೇಕು. ಅಲ್ಲಿ ಬಿಳಿಯ ಅಪ್ಪಂದಿರದು ಒಂದು ವಿಚಿತ್ರ. ಹುಡುಗಿ ಎಸೆದ ಚೆಂಡು ಬುಟ್ಟಿಯ ಹತ್ತಿರಕ್ಕೂ ಹೋಗದಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, "ಗುಡ್ ಟ್ರೈ" ಅನ್ನುತ್ತಾರೆ. ಸೋತು ಬಂದವರಿಗೂ ಕಿತ್ತಳೆಯ ಹೋಳು.

"ತಪ್ಪಿದ್ದಕ್ಕೂ ಚಪ್ಪಾಳೆ ಹೊಡದ್ರ ಇವು ಕಲಿಯೂದು ಯಾವಾಗ?" ಎಂದು ನಾನು ಗೊಣಗಿದರೆ ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದಳು. "ಸ್ವಲ್ಪ ಸಣ್ಣಗ ಮಾತಾಡ್ರಿ. ಆಕಿಗೆ ಕೇಳಸ್ತದ."

ಸೀಸನ್ನಿನ ಮೊದಲಿಗೇ ಒಂದು ಪತ್ರ ಬಂದಿತ್ತು. ಲೀಗ್‌ನಲ್ಲಿ ಕನಿಷ್ಠ ಎಂಟು ಮ್ಯಾಚ್ ಆಡಿದವರು ಮಾತ್ರ ಫೈನಲ್ ಆಡಬಹುದು. ಮ್ಯಾಚಿನ ದಿನ ಸ್ಕೋರ್ ಟೇಬಲ್ಲಿನಲ್ಲಿ ಕೂತ ಪೋಷಕರು ಬಂದ ಹುಡುಗಿಯರ ಹೆಸರಿನ ಮುಂದೆ ಟ್ಯಾಬ್‌ನಲ್ಲಿ ಟಿಕ್ ಹಾಕಬೇಕು. ಪೋಷಕರಿಗೆ ಸರದಿಯ ಮೇಲೆ ಈ ಕೆಲಸ. ಓದಿ ನಾನು ಮೂಗು ಮುರಿದೆ. ಚೆಂಡಾಟಕ್ಕೂ ಅಟೆಂಡೆನ್ಸ್ ಕೇಳುವ ಜನ!

ನಮ್ಮ ಮಂದಿಗೆ ಲೀಗ್ ಮ್ಯಾಚ್ ಅಂದರೆ ಅಷ್ಟಕ್ಕಷ್ಟೆ. ಫೈನಲ್ ಒಂದೇ ಲೆಕ್ಕ, ವರ್ಷವೆಲ್ಲ ಮಲಗಿ ಪರೀಕ್ಷೆಯ ಹಿಂದಿನ ವಾರ ಓದಿ ಪಾಸಾದವರಲ್ಲವೇ ನಾವು! ಒಂದು ಶನಿವಾರ ಕ್ರಾನ್‌ಬರ್ನ್‌ನಲ್ಲಿ ಯಾರದೋ ಮಗುವಿನ ಬರ್ತ್‌ಡೇ, ಇನ್ನೊಂದು ಶನಿವಾರ ಯಾರ ಮನೆಯಲ್ಲೋ ಸತ್ಯನಾರಾಯಣ ಪೂಜೆ. ಮಗಳು ಪ್ರತಿ ಸಲ ಮುಖ ಊದಿಸಿಕೊಂಡು ಕಾರು ಹತ್ತುತ್ತಿದ್ದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಲೀಗ್‌ನ ಕೊನೆಯ ಮ್ಯಾಚಿನ ದಿನವೇ ಸಿಡ್ನಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಬಂತು. ಹಿಂದಿನ ದಿನ ಹೊರಟೆವು. ಅರ್ಧ ದಾರಿಯಲ್ಲಿ ಮಗಳು ಹಿಂದಿನ ಸೀಟಿನಿಂದ ಹೇಳಿದಳು: "ಅಪ್ಪಾ, ನಾಳೆದು ಮಿಸ್ ಆದ್ರೆ ನಂದು ಸೆವೆನ್ ಮ್ಯಾಚ್ ಅಷ್ಟೇ ಆಗೋದು. ಫೈನಲ್ ಆಡೋಕಾಗಲ್ಲ."

"ಮೊದಲ ನಿಮ್ಮ ಟೀಮ್ ಫೈನಲ್ಲಿಗೆ ಬರಲಿ ನಡಿ," ಎಂದೆ. ಕನ್ನಡಿಯಲ್ಲಿ ನೋಡಿದೆ, ಸದ್ದಿಲ್ಲದೆ ಅಳುತ್ತಿದ್ದಳು. ಆದರೂ ಕಾರು ತಿರುಗಿಸಲಿಲ್ಲ.

ಸಿಡ್ನಿಯ ಗೃಹಪ್ರವೇಶದ ವೈಭವ ಏನು ಹೇಳಲಿ. ಪುರೋಹಿತರಿಗೆ ಅದೇ ಬೆಳಿಗ್ಗೆ ಇನ್ನೂ ಎರಡು ಮನೆ ಇತ್ತು, ಒಂದು ಕಣ್ಣು ಫೋನಿನ ಮೇಲೆಯೇ. ಹೋಮದ ಹೊಗೆಗೆ ಛಾವಣಿಯ ಫೈರ್ ಅಲಾರಾಂ ಕೂಗದಿರಲೆಂದು ಷಡ್ಡಕ ಅದಕ್ಕೆ ಸ್ನಾನದ ಟೋಪಿ ತೊಡಿಸಿದ್ದ. ಇಂಥ ಸಂಭ್ರಮಕ್ಕೆ ನಾನು ಮಗಳ ಫೈನಲ್ ಬಲಿ ಕೊಟ್ಟಿದ್ದೆ. ಮಂತ್ರ ನಡೆಯುತ್ತಿದ್ದಾಗಲೇ ಹಿತ್ತಲಿಗೆ ಹೋಗಿ ಮೆಲ್ಬರ್ನಿಗೆ ಫೋನು ಹಚ್ಚಿದೆ.

ಆ ದಿನ ಸ್ಕೋರ್ ಟೇಬಲ್ ಸರದಿ ನನ್ನ ಗೆಳೆಯನದು. ಮೈಸೂರಿನವನು, ಅವನ ಮಗಳೂ ಅದೇ ಟೀಮಿನಲ್ಲಿದ್ದಳು. "ಒಂದು ಪ್ರಾಕ್ಸಿ ಹಾಕಿಬಿಡ್ರಿ ಮಾರಾಯರ," ಎಂದೆ. ಅವನು ಖೊಳ್ಳನೆ ನಕ್ಕ. "ಅಯ್ಯೋ, ಅದಕ್ಕೇನಂತೆ ಬಿಡಿ ಸಾರ್! ಕೋಚ್ ಬೇರೆ ಈ ವಾರ ಸ್ಕೂಲ್ ಕ್ಯಾಂಪಿಗೆ ಹೋಗಿದಾರೆ. ಯಾರ್ ನೋಡ್ತಾರೆ?" ಇಂಜಿನಿಯರಿಂಗ್ ಓದುವಾಗ ನಾನು ನಾಲ್ಕು ಜನರ ಪರವಾಗಿ ನಾಲ್ಕು ದನಿಯಲ್ಲಿ "ಎಸ್ ಸರ್" ಅಂದವನು. ಅವನೂ ಅಂಥವನೇ. ಮಾತು ಅಲ್ಲಿಗೆ ಮುಗಿಯಿತು. ತಿರುಗಿದರೆ ಮಗಳು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನ್ ಇತ್ತು, ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಅವಳ ಟೀಮು ಫೈನಲ್ಲಿಗೆ ಬಂದೇಬಿಟ್ಟಿತು. ಆಡಲು ಅರ್ಹರಾದವರ ಪಟ್ಟಿಯಲ್ಲಿ ಮಗಳ ಹೆಸರೂ ಇತ್ತು. ಅಲ್ಲಿಯವರೆಗೆ ಆಟವನ್ನು ಆಡಿಕೊಂಡ ನಾನು ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿ "ನಮ್ಮ ಹುಡುಗಿ ಕಾಲೇಜ್ ಫೈನಲ್ ಆಡ್ತಾಳ" ಎಂದು ಹಲ್ಲು ಕಿರಿದೆ. ನಾಚಿಕೆಗೇಡಿ ಜನ್ಮ ನನ್ನದು.

ಫೈನಲ್ಲಿನ ದಿನ ಅವಳು ಟೀಮಿನ ಬಸ್ಸಿನಲ್ಲಿ ಮೊದಲೇ ಹೋಗಿದ್ದಳು. ಮೈಸೂರಿನವನು ನನ್ನ ಪಕ್ಕ ಚಕ್ಕುಲಿ ಡಬ್ಬಿ ಬಿಚ್ಚಿಕೊಂಡು ಕೂತ. ಹುಡುಗಿಯರು ಓಡಿ ಬಂದರು. ಏಳು ಜನ. ನನ್ನ ಮಗಳು ಜರ್ಸಿ ಹಾಕದೆ, ಬೆಂಚಿನ ತುದಿಯಲ್ಲಿ ನೀರಿನ ಬಾಟಲಿಗಳನ್ನು ಜೋಡಿಸುತ್ತಿದ್ದಳು.

ನನ್ನ ಮೈಯೆಲ್ಲ ಉರಿಯಿತು. "ಕರಿ ಹುಡುಗಿ ಅಂತ ಕೂಡಿಸಿದ್ರೇನು? ಇವತ್ತ ಇವರನ್ನ ಬಿಡಂಗಿಲ್ಲ," ಎಂದು ಎದ್ದೆ. ಹೆಂಡತಿ ಶರ್ಟು ಹಿಡಿದು ಎಳೆದರೂ ನಿಲ್ಲಲಿಲ್ಲ. ನೇರ ಕೋಚ್ ಮುಂದೆ ಹೋಗಿ ನಿಂತು, ಪಟ್ಟಿಯಲ್ಲಿ ಹೆಸರಿದ್ದವಳನ್ನು ಯಾಕೆ ಆಡಿಸುತ್ತಿಲ್ಲ ಎಂದು ಇಡೀ ಸ್ಟೇಡಿಯಮ್ಮಿಗೆ ಕೇಳುವಂತೆ ದಬಾಯಿಸಿದೆ.

ಕೋಚ್ ಆಗಿದ್ದ ಆ ಟೀಚರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ, "ಅವಳು ಮನೆಯಲ್ಲಿ ಹೇಳಿಲ್ಲ ಅನ್ನಿಸುತ್ತದೆ," ಎಂದರು. "ಸೋಮವಾರ ತಾನಾಗಿಯೇ ನನ್ನ ಹತ್ತಿರ ಬಂದಳು. ಕೊನೆಯ ಮ್ಯಾಚಿಗೆ ತಡವಾಗಿ ಬರುತ್ತೇನೆಂದು ಸ್ಕೋರ್ ಟೇಬಲ್ಲಿನ ಅಂಕಲ್‌ಗೆ ಮೆಸೇಜು ಮಾಡಿ ಟಿಕ್ ಹಾಕಿಸಿದಳಂತೆ, ಆಮೇಲೆ ಬರಲೇ ಇಲ್ಲವಂತೆ. ಅವರಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲ, ಎಲ್ಲ ನನ್ನದೇ ತಪ್ಪು ಅಂದಳು."

ಬೆಂಚಿನ ಕಡೆ ನೋಡಿದೆ. ಮಗಳು ಬಾಟಲಿ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ಹೇಳಬೇಡಪ್ಪಾ ಎಂಬ ಹಾಗೆ ಚೂರೇ ಚೂರು ತಲೆಯಾಡಿಸಿದಳು. ನಿಜ ಹೇಳಲು ನನಗೆ ಒಂದು ವಾಕ್ಯ ಸಾಕಿತ್ತು. ಅಷ್ಟು ಹೊತ್ತು ಗಂಟಲು ಹರಿಯುವ ಹಾಗೆ ಕೂಗಿದ ಬಾಯಿ ಅದೊಂದಕ್ಕೆ ತೆರೆಯಲಿಲ್ಲ.

"ದಯವಿಟ್ಟು ಮನೆಯಲ್ಲಿ ಅವಳನ್ನು ಬೈಯಬೇಡಿ," ಎಂದರು ಟೀಚರ್.

"ಆಗಲಿ, ಇದೊಂದು ಸಲ ಬೈಯುವುದಿಲ್ಲ," ಎಂದೆ.

ಅವರು ನನಗೆ ಥ್ಯಾಂಕ್ಸ್ ಹೇಳಿದರು.