ಹಾಯಿಕಂಬಕ್ಕೂ ಒಂದಿಷ್ಟು ಕುಂಕುಮ

ನಮ್ಮ ಮನೆಯಲ್ಲಿ ಕಾರು ಬಿಸಿಲಲ್ಲಿ ನಿಲ್ಲುತ್ತದೆ, ದೋಣಿ ನೆರಳಲ್ಲಿ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಹೀಗೆ ಬದುಕುವವನು ನಾನೊಬ್ಬನೇ ಎಂದು ಧೈರ್ಯವಾಗಿ ಹೇಳಬಲ್ಲೆ. ಕಾರವಾರದ ಕಡೆಯವರೊಬ್ಬರಿಂದ ಕೊಂಡ ಈ ಪುಟ್ಟ ಹಾಯಿದೋಣಿ ಟ್ರೇಲರ್ ಏರಿ ಬಂದ ದಿನ, ಅದರ ಮೇಲೆ ಮಲಗಿಸಿದ್ದ ಉದ್ದನೆಯ ಕಂಬ ನೋಡಿ ಎದುರು ಮನೆಯವರು, "ಬೋರ್ ಕೊರೆಸ್ತೀರೇನ್ರಿ?" ಎಂದು ಕೇಳಿದ್ದರು. ಇಲ್ಲ, ದೋಣಿ ಎಂದೆ. ಅವರು ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿ, "ನೀರೆಲ್ಲೈತ್ರಿ?" ಎಂದರು.

ನೀರು ಕೊಂಡಜ್ಜಿ ಕೆರೆಯಲ್ಲಿದೆ. ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಕಟ್ಟಿಕೊಂಡು ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸ್. ಆದರೆ ನನಗೆ ದೋಣಿಯಲ್ಲಿ ತೇಲುವುದಕ್ಕಿಂತ ಅದನ್ನು ಬಿಗಿಯುವುದರಲ್ಲೇ ಹೆಚ್ಚು ಸುಖ. ಹಾಯಿಕಂಬ ತಾನಾಗಿ ನಿಲ್ಲುವ ಜಾತಿಯದಲ್ಲ. ಶಾಮಿಯಾನದ ಕಂಬವನ್ನು ಸುತ್ತಲಿಂದ ಹಗ್ಗ ಎಳೆದು ನಿಲ್ಲಿಸುವಂತೆ, ಇದನ್ನು ಮುಂದಿನಿಂದ, ಎಡದಿಂದ, ಬಲದಿಂದ ಸ್ಟೀಲ್ ತಂತಿಗಳು ಹಿಡಿದಿರುತ್ತವೆ. ತಂತಿಯ ತುದಿಗೆ ಒತ್ತಿ ಕೂರಿಸಿದ ಒಂದು ಕೊಳವೆ, ಅದರ ಕೆಳಗೆ ತಿರುಗಿಸಿ ಬಿಗಿಯುವ ಟರ್ನ್‌ಬಕಲ್, ಅದು ಬಿಚ್ಚಿಕೊಳ್ಳದಂತೆ ಒಂದು ಸ್ಪ್ಲಿಟ್ ಪಿನ್. ಗಾಳಿ ಜೋರಾದಾಗ ಇಡೀ ದೋಣಿಯ ಮಾನ ಈ ಸಣ್ಣಪುಟ್ಟವುಗಳ ಕೈಯಲ್ಲಿರುತ್ತದೆ.

ನಿವೃತ್ತನಾಗುವವರೆಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ದೋಷ ಹುಡುಕುವುದೇ ನನ್ನ ಕೆಲಸವಾಗಿತ್ತು. ಆಮೇಲೆ ಅದೇ ಉತ್ಸಾಹದಲ್ಲಿ ಅಡುಗೆಮನೆಗೆ ನುಗ್ಗಿದೆ. ಹೆಂಡತಿ ಗಿರಿಜಾ ಬಾಗಿಲು ತೋರಿಸಿದಳು. ಹೀಗೆ ದೋಣಿಗೆ ಬಂದವನು. ಹಳೆಯ ಬನಿಯನ್ನಿನಿಂದ ತಂತಿಗಳನ್ನು ಒರೆಸುತ್ತೇನೆ. ಎಲ್ಲಾದರೂ ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಪಿನ್ನುಗಳನ್ನು ವರ್ಷವರ್ಷವೂ ಬದಲಿಸುತ್ತೇನೆ. ಟರ್ನ್‌ಬಕಲ್‌ಗೆ ಗ್ರೀಸ್ ಹಚ್ಚುತ್ತೇನೆ. ನನ್ನ ಕಣ್ಣು ತಪ್ಪಿಸುವ ದೋಷ ಇನ್ನೂ ಹುಟ್ಟಿಲ್ಲ ಎಂದೇ ತಿಳಿದಿದ್ದೆ.

ಆದರೆ ಗಿರಿಜಾ ಒಂದು ದಿನವೂ ದೋಣಿ ಹತ್ತಿರಲಿಲ್ಲ. "ಆ ಕಂಬ ಮ್ಯಾಲೆ ಬಿದ್ರೆ ಏನ್ ಮಾಡ್ಲಿ?" ಎನ್ನುವಳು. ನಾನು ಪಿನ್ನು, ತಂತಿ ಎಲ್ಲ ತೋರಿಸಿ ಪಾಠ ಮಾಡುವೆ. ಅವಳು ಪೂರ್ತಿ ಕೇಳಿ, "ಚಲೋ ಐತೆ, ನೀವು ಹೋಗಿ ಬರ್ರಿ" ಎಂದು ಒಳಗೆ ಹೋಗುವಳು. ಕೆರೆಯ ನಡುವೆ ಹಾಯಿ ಉಬ್ಬಿ ದೋಣಿ ಸರ್ರನೆ ಹೊರಟಾಗ, ಪಕ್ಕದ ಖಾಲಿ ಜಾಗ ನೋಡಿ ನನಗೆ ಬೇಸರವಾಗುತ್ತಿತ್ತು. ಅವಳು ಅಲ್ಲಿ ಕೂರಬೇಕೆಂಬ ಆಸೆ ನನಗೆ ಬಹಳ ಇತ್ತು.

ಈ ಸಲದ ಆಯುಧಪೂಜೆಗೆ ಅವಳೇ, "ಪೂಜೆ ಆಗ್ಲಿ, ನಾಳೆ ಬರ್ತೀನಿ ತಗಳ್ರಿ" ಎಂದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರು, ಮಿಕ್ಸಿ, ಹೊಲಿಗೆಯಂತ್ರಗಳ ಸಾಲಿನಲ್ಲಿ ದೋಣಿಗೂ ವಿಭೂತಿ ಬಿತ್ತು. ಒಣಗಿ ಉದುರಬಾರದೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಪ್ರತಿ ಕೊಳವೆಗೂ ಟರ್ನ್‌ಬಕಲ್‌ಗೂ ಧಾರಾಳವಾಗಿ ಬಳಿದಳು.

"ಅಷ್ಟ್ಯಾಕ ಹಚ್ತೀ? ಹೊಳಪು ಹೋಗ್ತೈತೆ."

"ಕಾರಿಗೆ ಹಚ್ಚಿದಾಗ ಸುಮ್ನಿದ್ರಲ್ಲ, ಈಗೂ ಸುಮ್ನಿರ್ರಿ."

ಮರುದಿನ ಬೆಳಿಗ್ಗೆ ಒರೆಸಲು ಕೂತೆ. ಎಲ್ಲ ಕಡೆ ಕುಂಕುಮ ಹೋಯಿತು. ಎಡಗಡೆಯ ತಂತಿಯ ಕೊಳವೆಯಲ್ಲಿ ಮಾತ್ರ ಕೂದಲಿನಷ್ಟು ತೆಳ್ಳನೆಯ ಕೆಂಪು ಗೆರೆ ಉಳಿಯಿತು. ಸೋಪು ಹಾಕಿ ತಿಕ್ಕಿದೆ, ಹೋಗಲಿಲ್ಲ. ಉಗುರು ಆಡಿಸಿದೆ, ತಡೆಯಿತು. ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ: ಲೋಹಕ್ಕೆ ಕೆಂಪು ದ್ರವ ಬಳಿದು, ಒರೆಸಿ, ಬಿರುಕಿನೊಳಗೆ ಇಳಿದು ಉಳಿದದ್ದನ್ನು ಹುಡುಕುವುದು. ಕಂಡವರ ಯಂತ್ರಗಳಿಗೆಲ್ಲ ಆ ಪರೀಕ್ಷೆ ಮಾಡಿದ್ದೆ. ಅದನ್ನು ನನ್ನ ದೋಣಿಗೆ ಮಾಡಿದವಳು ಗಿರಿಜಾ, ಅದೂ ಮಂಗಳಾರತಿ ಸಮೇತ.

ಅವಳು ಒಗ್ಗರಣೆ ಮಂಡಕ್ಕಿಯ ಡಬ್ಬಿ ಹಿಡಿದು ಹೊರಗೆ ಬಂದಳು. ಕಾರು ಕೆಟ್ಟಿದೆ ಎಂದು ಸುಳ್ಳು ಹೇಳೋಣವೆನಿಸಿತು. ನಿಜ ಹೇಳಿದರೆ ಇವಳು ಜನ್ಮದಲ್ಲಿ ಬರುವುದಿಲ್ಲ. ಆದರೂ ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಇವತ್ತು ಬ್ಯಾಡ ಗಿರಿಜಾ. ಇಲ್ನೋಡು, ಬಿರುಕು ಬಿಟ್ಟೈತೆ. ಗಾಳಿ ಬಂದ್ರೆ ಕಂಬ ಉರುಳ್ತಿತ್ತು."

ಹಂಗಿಸುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಬಗ್ಗಿ ನೋಡಿ, "ಹೋದ್ವಾರ ಹೋಗಿದ್ರಲ್ಲ, ಆಗೂ ಇದು ಹಿಂಗೇ ಇತ್ತೇನ್ರಿ?" ಎಂದಳು.

"ಇದ್ದಿರಬೇಕು."

"ಅದರ ಹಿಂದಿನ ವಾರ?"

ಅವಳನ್ನು ಹತ್ತಿಸದೆ ಉಳಿಸಿದೆ ಎಂದು ನಾನು ಸಮಾಧಾನಪಟ್ಟುಕೊಂಡಿದ್ದರೆ, ಅವಳು ನಾನೊಬ್ಬನೇ ಹೋಗಿಬಂದ ಭಾನುವಾರಗಳಿಗೆ ಹೆದರುತ್ತಿದ್ದಳು.

ಮುಂಬಯಿಯಿಂದ ಹೊಸ ತಂತಿ ಬಂತು. ಜೋಡಿಸಿ, ಬಿಗಿದು, ಈ ಬಾರಿ ಎಣ್ಣೆಕುಂಕುಮವನ್ನು ನಾನೇ ಹಚ್ಚಿ ಒರೆಸಿ ನೋಡಿದೆ. ಭಾನುವಾರ ಅವಳನ್ನು ಕರೆಯುವ ಮುಖವಿಲ್ಲದೆ ಸದ್ದಿಲ್ಲದೆ ಟ್ರೇಲರ್ ಕಟ್ಟಿ ಬಂದರೆ, ಕಾರಿನ ಮುಂದಿನ ಸೀಟಿನಲ್ಲಿ ಗಿರಿಜಾ ಸೆರಗು ಬಿಗಿದು ಕೂತಿದ್ದಾಳೆ. ದೋಣಿ ಗಟ್ಟಿ ಎಂದು ವರ್ಷಗಟ್ಟಲೆ ಹೇಳಿದರೂ ಬಾರದವಳು!

"ಅಂತೂ ಕಂಬದ ಮ್ಯಾಲೆ ನಂಬಿಕಿ ಬಂತು ಅನ್ನು" ಎಂದೆ ಬೀಗುತ್ತಾ.

"ಎಲ್ಲಿ ನಂಬಿಕಿ? ನೀವು ವಾಪಸ್ ಬರೋ ತನಕ ಇನ್ನು ಮನ್ಯಾಗೆ ಒಬ್ಬಾಕಿ ಕುಂದ್ರಾಕಾಗಲ್ಲ ನಂಗೆ. ಗಾಡಿ ಬಿಡ್ರಿ."